ರೈನ್ ತೀರದ ರೈಲು

ಜರ್ಮನಿಯ ಫ್ರಾಂಕ್‌ಫರ್ಟಿನಿಂದ ಕಲೋನಿನಲ್ಲಿರುವ ಅಕ್ಕನ ಮನೆಗೆ ಎರಡು ರೈಲುದಾರಿಗಳುಂಟು. 2002ರಲ್ಲಿ ತೆರೆದ ಹೊಸ ದಾರಿಯಲ್ಲಿ ಗಂಟೆಗೆ 300 ಕಿಲೋಮೀಟರಿನವರೆಗೂ ಧಾವಿಸುವ ಗಾಡಿಯುಂಟು. ನಾವು ಹಿಡಿದುದು ರೈನ್ ನದೀತೀರದ ಹಳೆಯ ದಾರಿಯನ್ನು. ಅಕ್ಕನೊಡನೆ ಕಳೆಯಬಹುದಾಗಿದ್ದ ಒಂದು ಗಂಟೆ ಅದಕ್ಕೆ ತೆತ್ತ ಬೆಲೆ. ಬಿಂಗೆನ್ ದಾಟಿದ ಮೇಲೆ ಕಡಿದಾದ ದ್ರಾಕ್ಷಿತೋಟಗಳು, ಹಳೆಯ ಕೋಟೆಗಳು, ಲೋರೆಲೈ ಬಂಡೆ ಒಂದೊಂದಾಗಿ ಎದುರಾದುವು. ಬೆಲೆ ಹೆಚ್ಚೆನಿಸಲಿಲ್ಲ.

ಈ ಚೆಲುವಿಗೂ ನಿಧಾನಕ್ಕೂ ಕಾರಣವೊಂದೇ: ಹಳಿಗಳು ನದಿಯಂತೆಯೇ ಬಳಕುತ್ತವೆ. ತಿರುವಿನಲ್ಲಿ ಗಾಡಿಗೆ ಬೇಕಾಗುವ ಕೇಂದ್ರಾಭಿಮುಖ ಬಲವು ವೇಗದ ವರ್ಗವನ್ನು ಅನುಸರಿಸಿ ಏರುತ್ತದೆ. ವೇಗವು ಇಮ್ಮಡಿಸಿದರೆ ಬಲವು ನಾಲ್ಮಡಿಯಾಗುವುದು. ಅದನ್ನು ಏರಗೊಡದಿರಲು ತಿರುವಿನ ತ್ರಿಜ್ಯವನ್ನೇ ನಾಲ್ಮಡಿಸಬೇಕು. ಹೊರಹಳಿಯನ್ನು ಎತ್ತರಿಸುವ ಉಪಾಯಕ್ಕೂ ಮಿತಿಯಿದೆ. ಹೊಸ ದಾರಿಯ ವೇಗಕ್ಕೆ 3 ಕಿಲೋಮೀಟರಿಗೂ ಮಿಕ್ಕ ತ್ರಿಜ್ಯ ಬೇಕಾಯಿತು. ಇಕ್ಕಟ್ಟಾದ ಕಣಿವೆಯಲ್ಲಿ ಅಂಥ ತಿರುವಿಗೆ ಎಡೆಯೆಲ್ಲಿ? ಆದುದರಿಂದಲೇ ಅದು ನದಿಯನ್ನು ತೊರೆದು, ಬೆಟ್ಟಗಳನ್ನು ಕೊರೆದು ಸಾಗುತ್ತದೆ.