ಸರಿ ಗುರುತು ಹೊರಲಾರದ ಭಾರ

ಕವಿ ರನ್ನನ ಊರೆಂದು ಹೆಸರಾದ ರನ್ನ ಬೆಳಗಲಿಯಲ್ಲೂ, ನಾಡಿನ ಎಲ್ಲ ಕಡೆಯಂತೆ, ಶಿಕ್ಷಕರು ವರ್ಷವಿಡೀ ಉತ್ತರ ಪತ್ರಿಕೆಗಳಲ್ಲಿ ಸರಿ ಗುರುತು ಹಾಕುತ್ತಾರೆ. ಆದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಪ್ರೌಢಶಾಲಾ ಶಿಕ್ಷಕರು ವಿಧಾನ ಪರಿಷತ್ತಿನ ವಾಯವ್ಯ ಶಿಕ್ಷಕರ ಕ್ಷೇತ್ರದ ಮತಗಟ್ಟೆಗೆ ಹೋದಾಗ, 2022ರ ಜೂನ್‌ನಲ್ಲಿ ಹೋದಂತೆ, ಅದೇ ಗುರುತು ಅವರ ಮತವನ್ನು ಕೆಡಿಸಬಲ್ಲದು. ಅಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಕನ್ನಡದ ೧, ೨, ೩ ಸಲ್ಲುತ್ತದೆ, ರೋಮನ್ ಅಂಕಿಯೂ ಸಲ್ಲುತ್ತದೆ. ಅಂಕಿಯ ಬದಲು ಟಿಕ್ ಹಾಕಿದರೆ ಮತಪತ್ರ ಅಸಿಂಧು. ಇದು ಬರೀ ಕಟ್ಟಳೆಯ ಬಿಗಿಯಲ್ಲ. ಒಂದು ಗುರುತು ಎಷ್ಟು ಮಾಹಿತಿ ಹೊರಬಲ್ಲದು ಎಂಬ ಲೆಕ್ಕ ಇದರ ಹಿಂದಿದೆ.

ಮಾಹಿತಿಯನ್ನೂ ಅಳೆಯಬಹುದೆಂದು 1948ರಲ್ಲಿ ಗಣಿತಜ್ಞ ಕ್ಲಾಡ್ ಶಾನನ್ ತೋರಿಸಿದರು. ಸಮಾನ ಸಾಧ್ಯತೆಯ ಎರಡರಲ್ಲಿ ಇಂಥದ್ದೇ ಎಂದು ತಿಳಿಸಲು ಬೇಕಾಗುವ ಮಾಹಿತಿ ಒಂದು ಬಿಟ್. ಟಿಕ್ ಇದೆ ಅಥವಾ ಇಲ್ಲ: ಒಂದು ಚೌಕ ಹೇಳುವುದು ಇಷ್ಟೇ. ಐವರು ಅಭ್ಯರ್ಥಿಗಳಿದ್ದರೆ ಐದು ಚೌಕಗಳಲ್ಲಿ ಟಿಕ್ ಹಾಕುವ, ಬಿಡುವ ಬಗೆಗಳು ಒಟ್ಟು 32. ಆದರೆ ಐವರನ್ನೂ ಮೆಚ್ಚುಗೆಯ ಕ್ರಮದಲ್ಲಿ ಜೋಡಿಸುವ ಬಗೆಗಳು 120. ಈ 120 ಅಭಿಪ್ರಾಯಗಳನ್ನು 32 ವಿನ್ಯಾಸಗಳಲ್ಲಿ ತುಂಬಲು ಯಾವ ಜಾಣತನಕ್ಕೂ ಆಗದು. ಎಣಿಕೆಯಲ್ಲಿ ಈ ಕ್ರಮವೇ ಮುಖ್ಯ. ಯಾರಿಗೂ ನಿಗದಿತ ಮತ ಸಿಗದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು, ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯದವರಿಗೆ ವರ್ಗಾಯಿಸುತ್ತಾರೆ.

ಒಬ್ಬರ ಮುಂದೆ ಮಾತ್ರ ಟಿಕ್ ಇದ್ದರೆ ಮತದಾರರ ಮನಸ್ಸು ಸ್ಪಷ್ಟವೇ ಅಲ್ಲವೇ, ಅದನ್ನೇಕೆ 1 ಎಂದು ಓದಬಾರದು ಎಂದು ಕೇಳಬಹುದು. ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೆ ಇಬ್ಬರ ಮುಂದೆ ಟಿಕ್ ಇದ್ದರೆ ಮೊದಲಿಗರು ಯಾರು? ಅಲ್ಲಿ ಎಣಿಸುವವರು ಊಹಿಸಲೇಬೇಕಾಗುತ್ತದೆ. ಊಹೆಗೆ ಒಮ್ಮೆ ಎಡೆಕೊಟ್ಟರೆ ಎಣಿಕೆ ಮೇಜಿನಿಂದ ಮೇಜಿಗೆ ಬದಲಾಗುತ್ತದೆ. ಟಿಕ್‌ನ ಅರ್ಥ ಎಲ್ಲೆಡೆ ಒಂದೇ ಎಂಬುದೂ ನಿಜವಲ್ಲ. ಫಿನ್ಲೆಂಡಿನ ಶಾಲೆಗಳಲ್ಲಿ ಅದು ತಪ್ಪು ಉತ್ತರದ ಗುರುತು. ಜಪಾನಿನಲ್ಲಿ ಸರಿ ಉತ್ತರಕ್ಕೆ ವೃತ್ತ ಹಾಕುತ್ತಾರೆ. ಗುರುತಿನ ಅರ್ಥ ಅದರ ಆಕಾರದಲ್ಲಿಲ್ಲ, ಬಳಸುವವರ ಒಪ್ಪಂದದಲ್ಲಿದೆ. ಹೌದು-ಅಲ್ಲ ಎಂಬಲ್ಲಿ ಟಿಕ್‌ಗಿಂತ ಚುರುಕಾದ ಗುರುತು ಸಿಗುವುದು ಕಷ್ಟ. ಮೊದಲು ಯಾರು, ಆಮೇಲೆ ಯಾರು ಎಂಬಲ್ಲಿ ಅಂಕಿಯೇ ಬೇಕು. ಮತದಾರರಿಗೆ ‘ಟಿಕ್ ಹಾಕಬೇಡಿ’ ಎಂದಷ್ಟೇ ಹೇಳದೆ ಈ ಕಾರಣವನ್ನೂ ತಿಳಿಸಬೇಕು. ಕಾರಣ ಗೊತ್ತಿದ್ದವರು ನಿಯಮವನ್ನು ಸುಲಭಕ್ಕೆ ಮರೆಯುವುದಿಲ್ಲ.