ಬಾಯಿಲ್ಲದ ಅತಿಥಿ

ಮಳೆಗಾಲ ಹಿಂಜರಿದ ಆಶ್ವಯುಜದ ರಾತ್ರಿ ಮೂಡಿಗೆರೆ, ಕಳಸದ ಕಾಫಿತೋಟದ ನೆಂಟರ ಮನೆಯಲ್ಲಿ ತಂಗಿದ ಪಟ್ಟಣಿಗರು ಜಗುಲಿಯ ಗೋಡೆಯಲ್ಲಿ ಗೇಣಗಲದ ಕೆಂಗಂದು ಪತಂಗವನ್ನು ಕಂಡು ಬೆಚ್ಚುವುದುಂಟು. ಅದು ಅಟ್ಲಾಸ್ ಪತಂಗ. ಸಹ್ಯಾದ್ರಿಯ ಪ್ರಭೇದಕ್ಕೆ ಶಾಸ್ತ್ರಜ್ಞರಿಟ್ಟ ಹೆಸರು ಸಿಂಹಳದ ಪ್ರಾಚೀನ ನಾಮವಾದ ‘ತಪ್ರೋಬೇನ್’ನಿಂದ ಬಂದದ್ದು; ಅಲ್ಲಿಯೂ ಇದು ಉಂಟು. ರೆಕ್ಕೆಯ ತುದಿ ಹಾವಿನ ಹೆಡೆಯಂತಿದ್ದರೂ ಹೆದರಬೇಕಾಗಿಲ್ಲ. ಕಚ್ಚುವುದಿರಲಿ, ಉಣ್ಣುವ ಬಾಯಿಯೇ ಅದಕ್ಕಿಲ್ಲ. ಸಕ್ಕರೆನೀರಿಟ್ಟು ಉಪಚರಿಸಿದ ಪುಣ್ಯಾತ್ಮರನ್ನೂ ಬಲ್ಲೆ!

ಊಟವೆಲ್ಲ ಹುಳುವಾಗಿದ್ದಾಗಲೇ ಮುಗಿದಿರುತ್ತದೆ. ದಾಲ್ಚಿನ್ನಿ ಮುಂತಾದವುಗಳ ಎಲೆ ತಿಂದು ಕೊಬ್ಬಿ, ಎಲೆ ಸುತ್ತಿ ಕಂದುರೇಷ್ಮೆಯ ಗೂಡು ಕಟ್ಟುತ್ತದೆ. ಗೂಡೊಡೆದ ಮೇಲೆ ಆ ಕೊಬ್ಬೇ ಬುತ್ತಿ. ಆಯುಸ್ಸು ಒಂದೆರಡು ವಾರ. ಹೆಣ್ಣು ಕುಳಿತಲ್ಲಿಂದಲೇ ಬೀರಿದ ಕಂಪನ್ನು ಗರಿಮೀಸೆಯಿಂದ ಹಿಡಿದು ಗಂಡು ಕತ್ತಲಲ್ಲಿ ಹಾರಿಬರಬೇಕು. ಅಂಥ ಎಣಿಕೆಯ ರಾತ್ರಿಗಳಲ್ಲೊಂದನ್ನು ನಮ್ಮ ಜಗುಲಿಯ ದೀಪ ನುಂಗಿಬಿಡುತ್ತದೆ. ರೇಡಿಯೋ ನಿಲ್ಲಿಸುವಾಗ ಅದನ್ನೂ ಆರಿಸಬಹುದು. ಆರಿಸಿದ ಸ್ವಲ್ಪ ಹೊತ್ತಿಗೆ ಗೋಡೆ ಬರಿದಾದದ್ದನ್ನು ನಾನು ನೋಡಿದ್ದೇನೆ.