ಹೊಸ ಭಾಗ ಸೇರಿದ ಮೇಲೆ ನಿಂತುಹೋಗುವ ಗಣಕಯಂತ್ರ

ಗಣಕಯಂತ್ರವು ಈಗ ಮನೆಯ ಸಾಮಾನುಗಳಲ್ಲಿ ಒಂದಾಗಿದೆ. ಮಕ್ಕಳ ಪಾಠ, ಅಂಗಡಿಯ ಲೆಕ್ಕ, ಮದುವೆ ಮತ್ತು ಗೃಹಪ್ರವೇಶಗಳ ಛಾಯಾಚಿತ್ರ, ಜಮೀನಿನ ಕಾಗದಪತ್ರಗಳ ನಕಲು ಎಲ್ಲವೂ ಅದರೊಳಗೆ ಸೇರಿರುತ್ತವೆ. ಆದುದರಿಂದ ಅದು ಕೆಟ್ಟಾಗ ಕೆಡುವುದು ಯಂತ್ರವೊಂದೇ ಅಲ್ಲ, ಮನೆಯವರ ನೆಮ್ಮದಿಯೂ ಹೌದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ನಡೆಯಬೇಕಾದರೆ ಅದು ಒಪ್ಪುವ ಪ್ರೊಸೆಸರ್ ಇರಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, 4 ಜಿಬಿ ರ‍್ಯಾಮ್ ಆದರೂ ಇರಬೇಕು. ಹೀಗಿರಲು ಹೊಸ ಯಂತ್ರ ಕೊಳ್ಳುವ ಬದಲು ಹಳೆಯ ಪೆಟ್ಟಿಗೆಯಲ್ಲಿಯೇ ಹೊಸ ಮದರ್‌ಬೋರ್ಡ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಹಾಕಿಸುವುದು ಮಿತವ್ಯಯದ ದಾರಿಯೆಂದು ತೋರುವುದು ಸಹಜ. ಆ ದಾರಿಯಲ್ಲಿ ಎದುರಾಗುವ ತೊಂದರೆಗಳಲ್ಲಿ ಒಂದು ಮನೆಯವರನ್ನು ಬಹಳವಾಗಿ ಕಾಡುತ್ತದೆ. ಹೊಸ ಭಾಗ ಸೇರಿಸಿದ ದಿನದಿಂದ ಯಂತ್ರವು ನಡೆಯುತ್ತಿದ್ದಂತೆಯೇ ಥಟ್ಟನೆ ನಿಂತುಹೋಗುತ್ತದೆ. ಪರದೆಯ ಮೇಲೆ ಸೂಚನೆಯಿಲ್ಲ, ಎಚ್ಚರಿಕೆಯ ಸದ್ದೂ ಇಲ್ಲ.

ಕಾಟಿಪಳ್ಳದ ಗಾಳಿ

ಮಂಗಳೂರು ನಗರದ ಉತ್ತರ ಭಾಗದ ಕಾಟಿಪಳ್ಳವನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳೋಣ. ಪಣಂಬೂರಿನಲ್ಲಿ ನವಮಂಗಳೂರು ಬಂದರು ನಿರ್ಮಾಣವಾದಾಗ ನೆಲೆ ಬಿಡಬೇಕಾಗಿ ಬಂದ ಕುಟುಂಬಗಳ ಪುನರ್ವಸತಿಯಿಂದ ಬೆಳೆದ ಊರಿದು. ಆ ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಸಮೀಪದ ಸುರತ್ಕಲ್‌ನಲ್ಲಿ 1960ರಲ್ಲಿ ಆರಂಭವಾದ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು. ಹೀಗೆ ಯಂತ್ರವಿದ್ಯೆಯ ನೆರೆಯಲ್ಲಿಯೇ ಇರುವ ಊರಾದರೂ ಯಂತ್ರಗಳಿಗೆ ಇಲ್ಲಿನ ಹವೆ ಅಷ್ಟು ಹಿತವಾದುದಲ್ಲ. ಕಡಲು ಹತ್ತಿರ, ಗಾಳಿಯಲ್ಲಿ ಉಪ್ಪಿನಂಶವಿದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಅಧಿಕ ಮಳೆ. ಹವೆಯ ತೇವದಿಂದ ಧೂಳು ಅಂಟಾಗಿ ಫ್ಯಾನಿನ ರೆಕ್ಕೆಗಳಿಗೂ ಹೀಟ್‌ಸಿಂಕಿನ ಸಂದುಗಳಿಗೂ ಮೆತ್ತಿಕೊಳ್ಳುತ್ತದೆ. ಲೋಹದ ಸಂಪರ್ಕಗಳು ಮಾಸುತ್ತವೆ. ಮಳೆಗಾಲದ ಹಿಂದುಮುಂದಿನ ಗುಡುಗು ಸಿಡಿಲಿನ ದಿನಗಳಲ್ಲಿ ವಿದ್ಯುತ್ತಿನ ಏರಿಳಿತವೂ ಸೇರಿಕೊಳ್ಳುತ್ತದೆ.

ಕಲಬುರಗಿ, ವಿಜಯಪುರದ ಕಡೆಯ ಓದುಗರಿಗೆ ಉಪ್ಪುಗಾಳಿಯ ಬಾಧೆಯಿಲ್ಲ. ಆದರೆ ಅಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕೋಣೆಯ ಉಷ್ಣತೆ 10 ಡಿಗ್ರಿ ಏರಿದರೆ ಪೆಟ್ಟಿಗೆಯೊಳಗಿನ ಉಷ್ಣತೆಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಊರು ಯಾವುದಾದರೂ ದೋಷವನ್ನು ಹುಡುಕುವ ಕ್ರಮ ಒಂದೇ.

ನಿಲ್ಲುವುದು ಏಕೆ?

ಮೊದಲು ಅರಿಯಬೇಕಾದ ಮಾತೊಂದಿದೆ. ಥಟ್ಟನೆ ನಿಲ್ಲುವ ಗಣಕಯಂತ್ರವು ಅನೇಕ ವೇಳೆ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುತ್ತದೆ. ಪ್ರೊಸೆಸರ್ ಸುಮಾರು 100 ಡಿಗ್ರಿಯ ಮಿತಿಯನ್ನು ಸಮೀಪಿಸಿದಾಗ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅದರಿಂದಲೂ ಶಾಖ ಇಳಿಯದಿದ್ದರೆ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಕೂಡ ಹಾಗೆಯೇ. ತನ್ನ ಶಕ್ತಿ ಮೀರಿ ವಿದ್ಯುತ್ ಹರಿದಾಗ, ಎಲ್ಲಿಯಾದರೂ ಶಾರ್ಟ್ ಆದಾಗ, ಒಳ್ಳೆಯ ಎಸ್‌ಎಂಪಿಎಸ್ ಕೂಡಲೇ ಕೈ ಹಿಂದೆಗೆದುಕೊಳ್ಳುತ್ತದೆ. 2001ರ ಸುಮಾರಿನ ಕೆಲವು ಪ್ರೊಸೆಸರ್‌ಗಳಿಗೆ ಇಂತಹ ರಕ್ಷಣೆ ಇರಲಿಲ್ಲ. ಹೀಟ್‌ಸಿಂಕ್ ಕಳಚಿದರೆ ಅವು ಕ್ಷಣಗಳಲ್ಲಿ ಸುಟ್ಟುಹೋಗುತ್ತಿದ್ದವು. ಆದುದರಿಂದ ಯಂತ್ರ ನಿಂತಿತೆಂದು ಮತ್ತೆ ಮತ್ತೆ ಗುಂಡಿ ಒತ್ತಿ ಅದನ್ನು ಬಲವಂತವಾಗಿ ಓಡಿಸಬಾರದು. ಅದು ಏನನ್ನು ತಡೆಯುತ್ತಿದೆ ಎಂದು ವಿಚಾರಿಸಬೇಕು.

ಥಟ್ಟನೆ ನಿಲ್ಲುವಾಗ ಬರೆಯುತ್ತಿದ್ದ ಕಡತ ಕೆಡುವ ಭಯವುಂಟು. ಯಂತ್ರವು ಸ್ವಲ್ಪ ಹೊತ್ತಾದರೂ ನಡೆಯುವಂತಿದ್ದರೆ ಅಂಕಪಟ್ಟಿ, ಲೆಕ್ಕಪತ್ರ, ಭಾವಚಿತ್ರಗಳನ್ನು ಬೇರೊಂದು ಡಿಸ್ಕಿಗೆ ಮೊದಲು ನಕಲು ಮಾಡಿಕೊಳ್ಳಬೇಕು. ಭಾಗಗಳನ್ನು ಮತ್ತೆ ಕೊಳ್ಳಬಹುದು, ಹಿರಿಯರ ಭಾವಚಿತ್ರ ಮತ್ತೆ ಸಿಗದು.

ನಿಲ್ಲುವ ಹೊತ್ತೇ ಸುಳಿವು

ಯಂತ್ರ ಯಾವಾಗ ನಿಲ್ಲುತ್ತದೆ ಎಂಬುದನ್ನು ಗಡಿಯಾರ ನೋಡಿ ಬರೆದಿಟ್ಟುಕೊಂಡರೆ ಅರ್ಧ ದೋಷ ಸಿಕ್ಕಿದಂತೆಯೇ.

ಗುಂಡಿ ಒತ್ತಿದೊಡನೆ ಫ್ಯಾನು ಒಮ್ಮೆ ಅಲುಗಾಡಿ ನಿಂತರೆ ಶಾರ್ಟ್ ಆಗಿರಬಹುದು. ಮದರ್‌ಬೋರ್ಡಿನ ಹಿಂದೆ ಸ್ಕ್ರೂ ಬಿದ್ದಿರಬಹುದು. ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಗೂಟವೊಂದು ತೂತಿಲ್ಲದ ಜಾಗದಲ್ಲಿ ನಿಂತು ಬೋರ್ಡಿಗೆ ತಾಗುತ್ತಿರಬಹುದು. ಹೊಸ ಮದರ್‌ಬೋರ್ಡ್ ಹಾಕಿಸಿದವರು ಇದನ್ನು ಮೊದಲು ನೋಡಬೇಕು.

ಪ್ರತಿಸಲವೂ ಸರಿಯಾಗಿ ನಾಲ್ಕೈದು ಸೆಕೆಂಡಿಗೆ ನಿಂತರೆ ಮುಂಭಾಗದ ಗುಂಡಿಯನ್ನು ಶಂಕಿಸಬೇಕು. 1995ರಲ್ಲಿ ಎಟಿಎಕ್ಸ್ ಎಂಬ ವಿನ್ಯಾಸ ಬಂದ ಮೇಲೆ ಈ ಗುಂಡಿಯು ವಿದ್ಯುತ್ತನ್ನು ನೇರವಾಗಿ ಕಡಿಯುವುದಿಲ್ಲ, ಮದರ್‌ಬೋರ್ಡಿಗೆ ಸಂಜ್ಞೆಯನ್ನಷ್ಟೇ ಕಳಿಸುತ್ತದೆ. ಸುಮಾರು 4 ಸೆಕೆಂಡು ಒತ್ತಿಹಿಡಿದರೆ ಯಂತ್ರವನ್ನು ನಿಲ್ಲಿಸು ಎಂದು ಅರ್ಥ. ತೇವದ ಹವೆಯಲ್ಲಿ ತುಕ್ಕು ಹಿಡಿದ ಗುಂಡಿ ಒಳಗೇ ಸಿಕ್ಕಿಕೊಂಡರೆ ಮದರ್‌ಬೋರ್ಡ್ ಹಾಗೆಯೇ ಭಾವಿಸುತ್ತದೆ. ಪ್ಲಗ್ ಕಳಚಿ, ರೀಸೆಟ್ ಗುಂಡಿಯ ತಂತಿಯನ್ನು ಪವರ್ ಗುಂಡಿಯ ತಂತಿಯಿದ್ದ ಮೊಳೆಗಳಿಗೆ ಸಿಕ್ಕಿಸಿ ನೋಡಿದರೆ ಸಂಶಯ ತೀರುತ್ತದೆ.

ಕೆಲವು ಸೆಕೆಂಡಿನಿಂದ ಕೆಲವು ನಿಮಿಷದೊಳಗೆ, ವಿಂಡೋಸ್ ತೆರೆಯುವ ಮೊದಲೇ ನಿಂತರೆ ಶಾಖವೇ ಕಾರಣವಿರಬಹುದು. ಹೊಸ ಹೀಟ್‌ಸಿಂಕಿನ ತಳಕ್ಕೆ ಅಂಟಿಸಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲು ಮರೆಯುವುದುಂಟು. ನಾಲ್ಕು ಮೂಲೆಯ ಗೂಟಗಳಲ್ಲಿ ಒಂದು ಸರಿಯಾಗಿ ಕೂಡದಿದ್ದರೆ ಹೀಟ್‌ಸಿಂಕ್ ಓರೆಯಾಗುತ್ತದೆ. ಥರ್ಮಲ್ ಪೇಸ್ಟ್ ಒಣಗಿದ್ದರೂ ಪ್ರೊಸೆಸರ್‌ನ ಬಿಸಿ ಹೀಟ್‌ಸಿಂಕಿಗೆ ಸರಿಯಾಗಿ ಸಾಗದು. ಯಂತ್ರ ಆರಂಭವಾಗುವಾಗ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿದರೆ ಸಾಮಾನ್ಯವಾಗಿ ಬಯೋಸ್ ತೆರೆಯುತ್ತದೆ, ಅಲ್ಲಿ ಪ್ರೊಸೆಸರ್‌ನ ಉಷ್ಣತೆ ಕಾಣುತ್ತದೆ. ಏನೂ ಕೆಲಸವಿಲ್ಲದೆ ಅದು ಕಣ್ಣೆದುರೇ 80, 90 ಎಂದು ಏರುತ್ತಿದ್ದರೆ ಬೇರೆ ಪುರಾವೆ ಬೇಡ.

ಸಾಮಾನ್ಯ ಕೆಲಸದಲ್ಲಿ ಗಂಟೆಗಟ್ಟಲೆ ನಡೆದು, ಆಟವಾಡುವಾಗ ಅಥವಾ ಚಲನಚಿತ್ರ ಸಂಕಲಿಸುವಾಗ ಮಾತ್ರ ನಿಂತರೆ ಎಸ್‌ಎಂಪಿಎಸ್‌ನ ಶಕ್ತಿ ಸಾಲದೆ ಇರಬಹುದು. ಹೊಸ ಗ್ರಾಫಿಕ್ಸ್ ಕಾರ್ಡ್ ಬಂದ ಮನೆಯಲ್ಲಿ ಮೊದಲ ಸಂಶಯ ಇದರ ಮೇಲೆಯೇ ಇರಬೇಕು. ಪೂರ್ತಿ ನಿಲ್ಲದೆ ತಾನಾಗಿ ಮತ್ತೆ ಆರಂಭವಾಗುತ್ತಿದ್ದರೆ, ಅಥವಾ ನೀಲಿ ಪರದೆ ಬರುತ್ತಿದ್ದರೆ ರ‍್ಯಾಮನ್ನೂ ಪರೀಕ್ಷಿಸಬೇಕು.

ವಿಂಡೋಸ್‌ನ ದಾಖಲೆಯಲ್ಲಿ ‘ಕರ್ನಲ್-ಪವರ್ 41’ ಎಂಬ ನಮೂದನ್ನು ಕಂಡು ಗಾಬರಿಯಾಗುವವರುಂಟು. ಯಂತ್ರವು ಕ್ರಮವಾಗಿ ಮುಚ್ಚದೆ ನಿಂತಿತು ಎಂಬುದಷ್ಟೇ ಅದರ ಅರ್ಥ. ಏಕೆ ನಿಂತಿತೆಂದು ಅದು ಹೇಳುವುದಿಲ್ಲ.

ಚೀಟಿಯ ಮೇಲಿನ ಲೆಕ್ಕ

ಎಸ್‌ಎಂಪಿಎಸ್‌ನ ಮೇಲೆ ದಪ್ಪಕ್ಷರದಲ್ಲಿ 450 ವಾಟ್ ಎಂದು ಬರೆದಿದೆಯೆಂದು ಭಾವಿಸೋಣ. ಅಷ್ಟನ್ನೇ ನೋಡಿ ಸಮಾಧಾನಪಡಬಾರದು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗಳು ಬಹುಮಟ್ಟಿಗೆ 12 ವೋಲ್ಟಿನ ದಾರಿಯಿಂದ ವಿದ್ಯುತ್ ಪಡೆಯುತ್ತವೆ. ಚೀಟಿಯಲ್ಲಿ 12 ವೋಲ್ಟಿಗೆ 16 ಆಂಪಿಯರ್ ಎಂದಿದ್ದರೆ ಆ ದಾರಿಯಲ್ಲಿ ಸಿಗುವುದು 12ನ್ನು 16ರಿಂದ ಗುಣಿಸಿದಷ್ಟು, ಅಂದರೆ 192 ವಾಟ್ ಮಾತ್ರ. ತೊಟ್ಟಿ ಎಷ್ಟೇ ದೊಡ್ಡದಾದರೂ ನಲ್ಲಿಯ ಬಾಯಿ ಹಿಡಿಸುವಷ್ಟೇ ನೀರು ಬರುವುದು.

ಈಗ ಬೇಡಿಕೆಯನ್ನು ನೋಡೋಣ. ಎನ್‌ವಿಡಿಯಾ ಸಂಸ್ಥೆಯ ಆರ್‌ಟಿಎಕ್ಸ್ 3060 ಕಾರ್ಡು 170 ವಾಟ್ ಬೇಡುತ್ತದೆ. 65 ವಾಟಿನದೆಂದು ಹೇಳುವ ಪ್ರೊಸೆಸರ್ ಸೇರಿದರೆ 235 ವಾಟ್. ಕೆಲಸದ ಭಾರ ಹೆಚ್ಚಿದಾಗ ಪ್ರೊಸೆಸರ್ ಹೇಳಿದ ಮಿತಿಗಿಂತ ಹೆಚ್ಚು ಬಳಸುವುದುಂಟು. ಗ್ರಾಫಿಕ್ಸ್ ಕಾರ್ಡು ಕಣ್ಣೆವೆ ಇಕ್ಕುವಷ್ಟು ಹೊತ್ತು ತನ್ನ ಪಾಲಿಗಿಂತ ಬಹಳ ಹೆಚ್ಚನ್ನು ಎಳೆಯುವುದೂ ಉಂಟು. 192 ಇರುವಲ್ಲಿ 235 ಕೇಳಿದರೆ ಎಸ್‌ಎಂಪಿಎಸ್ ನಿಲ್ಲದೆ ಇನ್ನೇನು ಮಾಡೀತು? ಈ ಕಾರ್ಡಿಗೆ 550 ವಾಟಿನ ಎಸ್‌ಎಂಪಿಎಸ್ ಇರಲೆಂದು ತಯಾರಕರೇ ಸಲಹೆ ಮಾಡಿರುವುದು ಇದಕ್ಕಾಗಿಯೇ. ಇಲ್ಲಿ ದೋಷ ಹೊಸ ಕಾರ್ಡಿನದಲ್ಲ. ಅದನ್ನು ಹಿಂದಿರುಗಿಸಿ ಮತ್ತೊಂದು ತಂದರೂ ಯಂತ್ರ ನಿಲ್ಲುತ್ತಲೇ ಇರುತ್ತದೆ.

ಮನೆಯ ಯುಪಿಎಸ್ ಕೂಡ ಈ ಲೆಕ್ಕಕ್ಕೆ ಸೇರುತ್ತದೆ. 600 ವಿಎ ಎಂದು ಬರೆದ ಚಿಕ್ಕ ಯುಪಿಎಸ್ ಸಾಮಾನ್ಯವಾಗಿ ಸುಮಾರು 360 ವಾಟ್ ಮಾತ್ರ ಹೊರಬಲ್ಲದು. ಮಾನಿಟರ್ ಸೇರಿದಂತೆ ಬೇಡಿಕೆ ಅದನ್ನು ಮೀರಿದರೆ ಯುಪಿಎಸ್ ಕಿರುಚಿ ಎಲ್ಲವನ್ನೂ ನಿಲ್ಲಿಸುತ್ತದೆ. ಆಗ ಕಂಪ್ಯೂಟರನ್ನು ಸರಿಯಾದ ಅರ್ಥಿಂಗ್ ಇರುವ ಗೋಡೆಯ ಸಾಕೆಟಿಗೆ ನೇರವಾಗಿ ಜೋಡಿಸಿ, ಮಳೆಮಿಂಚಿಲ್ಲದ ದಿನ ಪರೀಕ್ಷಿಸಬೇಕು. ಲೇಸರ್ ಪ್ರಿಂಟರನ್ನು ಚಿಕ್ಕ ಯುಪಿಎಸ್‌ಗೆ ಎಂದೂ ಜೋಡಿಸಬಾರದು.

ಒಂದೊಂದಾಗಿ ನೋಡುವ ಕ್ರಮ

ಮೊದಲನೆಯದಾಗಿ, ಹೊಸ ಭಾಗವನ್ನು ತೆಗೆದು ಯಂತ್ರವನ್ನು ಹಿಂದಿದ್ದ ಸ್ಥಿತಿಗೆ ತರಬೇಕು. ಆಗ ಸರಿಯಾಗಿ ನಡೆದರೆ ಹೊಸ ಭಾಗದಲ್ಲಿಯೋ ಅದಕ್ಕೆ ಬೇಕಾದ ವಿದ್ಯುತ್ತಿನಲ್ಲಿಯೋ ಕೊರತೆಯಿದೆ. ಆಗಲೂ ನಿಂತರೆ ಹೊಸ ಭಾಗ ನಿರಪರಾಧಿಯಾಗಿರುವ ಸಂಭವ ಹೆಚ್ಚು. ಪೆಟ್ಟಿಗೆ ತೆರೆದಾಗ ಕೈತಾಗಿ ತಂತಿಯೊಂದು ಸಡಿಲವಾಗಿರಬಹುದು, ಹೀಟ್‌ಸಿಂಕ್ ಕದಲಿರಬಹುದು, ತಂತಿಯೊಂದು ಫ್ಯಾನಿಗೆ ಸಿಕ್ಕಿರಬಹುದು.

ಎರಡನೆಯದಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ರ‍್ಯಾಮ್ ತೆಗೆದು, ಎಸ್‌ಎಂಪಿಎಸ್ ಬದಲಿಸಿ, ಬಯೋಸ್ ತಿದ್ದಿ, ಎಲ್ಲವನ್ನೂ ಒಂದೇ ದಿನ ಮಾಡಿದರೆ ಯಂತ್ರ ಸರಿಯಾದರೂ ಯಾವುದರಿಂದ ಸರಿಯಾಯಿತೆಂದು ತಿಳಿಯದು.

ಮೂರನೆಯದಾಗಿ, ಪರಿಚಿತರ ಯಂತ್ರದಲ್ಲಿ ಸರಿಯಾಗಿ ನಡೆಯುತ್ತಿರುವ, ಸಾಕಷ್ಟು ಶಕ್ತಿಯ ಎಸ್‌ಎಂಪಿಎಸ್ ಇದ್ದರೆ ಅದನ್ನು ತಂದು ಜೋಡಿಸಿ ನೋಡಬಹುದು. ಆದರೆ ಅದನ್ನು ಅದರದೇ ತಂತಿಗಳೊಡನೆ ತರಬೇಕು. ಕಳಚಬಹುದಾದ ತಂತಿಗಳಿರುವ ಎಸ್‌ಎಂಪಿಎಸ್‌ಗಳಲ್ಲಿ ಒಂದರ ತಂತಿಯನ್ನು ಇನ್ನೊಂದಕ್ಕೆ ಸಿಕ್ಕಿಸಬಾರದು. ತುದಿ ಹೊಂದಿದರೂ ಒಳಗಿನ ಜೋಡಣೆ ಬೇರೆಯಾಗಿದ್ದರೆ ಹಾರ್ಡ್ ಡಿಸ್ಕ್ ಸುಟ್ಟು ಅದರೊಳಗಿನ ಸಂಗ್ರಹವೆಲ್ಲ ಹೋದೀತು.

ಮುಟ್ಟಬಾರದ ಪೆಟ್ಟಿಗೆ

ಯಂತ್ರದ ಒಳಗೆ ಕೈಯಿಡುವ ಮೊದಲು ಪ್ಲಗ್ ಕಳಚಿ, ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಇಳಿಸಬೇಕು. ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ, ಮೈಯಲ್ಲಿರುವ ಸ್ಥಾಯೀ ವಿದ್ಯುತ್ತನ್ನು ಬಿಡಬೇಕು. ಕೈ ಒದ್ದೆಯಿರಬಾರದು. ಧೂಳನ್ನು ಮೆದುವಾದ ಕುಂಚದಿಂದ ತೆಗೆಯಬೇಕು. ಎಸ್‌ಎಂಪಿಎಸ್‌ನ ಲೋಹದ ಪೆಟ್ಟಿಗೆಯನ್ನಂತೂ ಮನೆಯಲ್ಲಿ ಯಾರೂ ತೆರೆಯಕೂಡದು. ನಮ್ಮ 230 ವೋಲ್ಟಿನ ವಿದ್ಯುತ್ತು ಅದರೊಳಗೆ 300 ವೋಲ್ಟಿಗೂ ಮೀರಿದ ನೇರ ವಿದ್ಯುತ್ತಾಗಿ ಕೆಪಾಸಿಟರ್‌ಗಳಲ್ಲಿ ನಿಂತಿರುತ್ತದೆ. ಪ್ಲಗ್ ತೆಗೆದ ಮೇಲೂ ಅದು ಪ್ರಾಣಾಪಾಯ ಉಂಟುಮಾಡಬಲ್ಲದು. ಸುಟ್ಟ ವಾಸನೆ, ಹೊಗೆ, ಕಿಡಿ ಕಂಡರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ತಿಳಿದವರನ್ನು ಕರೆಯಬೇಕು.

ಅಂಗಡಿಗೆ ಒಯ್ಯುವಾಗ

ದುರಸ್ತಿಗೆ ಒಯ್ಯುವುದಾದರೆ ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆದೊಯ್ಯಿರಿ: ಯಾವ ಭಾಗ ಬದಲಾಯಿತು, ಯಂತ್ರ ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಯಾವ ಕೆಲಸ ಮಾಡುವಾಗ ನಿಲ್ಲುತ್ತದೆ, ಹಳೆಯ ಸ್ಥಿತಿಗೆ ತಂದಾಗ ಏನಾಯಿತು. ಬಲ್ಲ ಕೆಲಸಗಾರನಿಗೆ ಇದರಿಂದ ಸಮಯ ಉಳಿಯುತ್ತದೆ. ಅರೆಬರೆ ಬಲ್ಲವನಿಗೆ ಬೋರ್ಡೇ ಹೋಗಿದೆ ಎಂದು ಸುಲಭವಾಗಿ ಹೇಳಿ ಕೈತೊಳೆದುಕೊಳ್ಳಲು ಆಗದು. ಬದಲಿಸಿದ ಭಾಗವನ್ನು ಮರಳಿ ಕೇಳಿ ಪಡೆಯಿರಿ, ರಸೀದಿಯನ್ನು ಜೋಪಾನವಾಗಿಡಿ. ನಿಜವಾಗಿ ಕೆಟ್ಟ ಭಾಗಗಳನ್ನು ಮನೆಯ ಕಸದೊಡನೆ ಎಸೆಯದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸುವುದು ಉಚಿತ.

ಮನೆಯ ಹಣ ಬೆವರಿನದು. ಸಾವಿರಾರು ರೂಪಾಯಿಯ ಹೊಸ ಭಾಗ ಕೊಳ್ಳುವಾಗ ಕೈ ಬಿಗಿ ಹಿಡಿಯದವರು ಅದನ್ನು ಹೊರಬೇಕಾದ ಎಸ್‌ಎಂಪಿಎಸ್‌ನಲ್ಲಿ ಉಳಿತಾಯ ಮಾಡಲು ಹೋಗುವುದುಂಟು. ಅದು ಉಳಿತಾಯವಲ್ಲ, ಮುಂದೂಡಿದ ವೆಚ್ಚ. ಮೊದಲು ವಿದ್ಯುತ್ತಿನ ಲೆಕ್ಕ, ಅನಂತರ ಶಾಖದ ವಿಚಾರ, ಆಮೇಲೆ ಹೊಸ ಭಾಗ ಎಂಬ ಕ್ರಮವನ್ನು ಮನೆಯ ಮಕ್ಕಳಿಗೂ ಕಲಿಸಿರಿ. ಕೆಟ್ಟಿತೆಂದು ಗುಜರಿಗೆ ಹೊರಟ ಎಷ್ಟೋ ಯಂತ್ರಗಳು ಒಂದು ಸ್ಕ್ರೂ ತೆಗೆದುದರಿಂದ, ಒಂದು ಪ್ಲಾಸ್ಟಿಕ್ ಹಾಳೆ ಸುಲಿದುದರಿಂದ ಮತ್ತೆ ನಡೆಯಬಲ್ಲವು.